ಇರುವೆ ಸಾಲು ತಪ್ಪಿದ ದಿನ

ಬಳ್ಳಿ ಹೋದ ಮಂಗಳವಾರ ಬೆಳಿಗ್ಗೆ ಆರೂವರೆಗೆ ತೀರಿಕೊಂಡ. ಅರವತ್ತೊಂದು ವರ್ಷ. ಶ್ವಾಸಕೋಶದ ಕಾಯಿಲೆ. ಡಾಕ್ಟರು ಹೇಳಿದ್ದಕ್ಕಿಂತ ಎರಡು ತಿಂಗಳು ಹೆಚ್ಚೇ ಬದುಕಿದ. ಅವನ ಹೆಂಡತಿ, ನಾನು ಅತ್ತಿಗೆ ಅನ್ನುವವರು, ಫೋನ್ ಮಾಡಿ, "ಹೋಗಿಬಿಟ್ರು, ನೀವು ಬನ್ನಿ," ಅಂದರು. ಹೋದೆ. ಆಗಬೇಕಾದ ಕೆಲಸವೆಲ್ಲ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು.

ಬಳ್ಳಿ ಅನ್ನುವುದು ಅವನ ಹೆಸರಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಅವನ ನಿಜವಾದ ಹೆಸರು ಓದಿದಾಗ, ಮೂವತ್ತು ವರ್ಷ ಜೊತೆಗಿದ್ದ ನಾನೇ ಒಂದು ಕ್ಷಣ ಬೇರೆ ಯಾರದೋ ಚೀಟಿ ಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಸಿನಿಮಾಗಳಿಗೆ ಮನುಷ್ಯರನ್ನು ಕೊಲ್ಲುವ ಬಳ್ಳಿಗಳನ್ನು ಮಾಡಿಕೊಡುವುದು ಅವನ ಕಸುಬು. ಕಸುಬೇ ಹೆಸರಾಯಿತು.

ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕಂಪನಿ ಹನ್ನೊಂದು ವರ್ಷದಲ್ಲಿ ಹನ್ನೊಂದು ಚಿತ್ರ ತೆಗೆಯಿತು. ಹನ್ನೊಂದರದ್ದೂ ಒಂದೇ ಕಥೆ. ಒಬ್ಬ ಕಾರ್ಖಾನೆ ಮಾಲೀಕ ಕಾಡನ್ನೋ ಕೆರೆಯನ್ನೋ ಹಾಳು ಮಾಡುತ್ತಾನೆ. ಕಾಡೋ ಕೆರೆಯೋ ತಿರುಗಿ ಬೀಳುತ್ತದೆ. ಮೊದಲು ಕಾವಲುಗಾರ ಸಾಯುತ್ತಾನೆ, ಆಮೇಲೆ ಮಾಲೀಕನ ಬಲಗೈ ಬಂಟ, ಆಮೇಲೆ ಸುಮ್ಮನೆ ಈಜಲು ಬಂದ ಇಬ್ಬರು, ಕೊನೆಗೆ ಮಾಲೀಕ. ಕೊಲ್ಲುವವರು ಮಾತ್ರ ಬದಲಾಗುತ್ತಿದ್ದರು. ಒಮ್ಮೆ ಕಪ್ಪೆ, ಒಮ್ಮೆ ಕಾಗೆ, ಒಮ್ಮೆ ಕೆರೆಯ ಜೊಂಡು. ಇಡೀ ಚಿತ್ರಕ್ಕೆ ಹದಿನೆಂಟು ದಿನ ಶೂಟಿಂಗ್. ಹತ್ತೊಂಬತ್ತನೆಯ ದಿನ ಬಂದರೆ ಬಾಡಿಗೆ ಕ್ಯಾಮೆರಾ ವಾಪಸು ಹೋಗುತ್ತಿತ್ತು.

ನಾನು ಸಂಭಾಷಣೆ ಬರೆಯುತ್ತಿದ್ದೆ. ಮಾಲೀಕನ ಪಾತ್ರಕ್ಕೆ ಹನ್ನೊಂದು ಸಲವೂ ಒಬ್ಬನೇ ನಟ. ಒಳ್ಳೆಯ ಮನುಷ್ಯ, ಸಾಯುವುದರಲ್ಲಿ ಎತ್ತಿದ ಕೈ. "ನನಗೆ ಬಳ್ಳಿ ಕೈಯಲ್ಲಿ ಸಾಯೋದೇ ಇಷ್ಟ, ಮಲಗಿಕೊಂಡೇ ಸಾಯಬಹುದು. ಕಾಗೆ ಆದ್ರೆ ಓಡಬೇಕು," ಅನ್ನುತ್ತಿದ್ದ.

ಬಳ್ಳಿಯ ಶೆಡ್ಡಿನ ಬಗ್ಗೆ ಹೇಳಬೇಕು, ಯಾಕೆಂದರೆ ಅದೇ ಅವನನ್ನು ಕೊಂದದ್ದು. ತಗಡಿನ ಚಾವಣಿ, ಒಂದೇ ಕಿಟಕಿ. ಹತ್ತಿಯ ಹಗ್ಗಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ಅದರ ಮೇಲೆ ರಬ್ಬರ್ ಹಾಲು ಬಳಿದು, ಒಣಗಿದ ಮೇಲೆ ಚಹಾದ ಕಷಾಯದಲ್ಲಿ ಬಣ್ಣ ಹಾಕುತ್ತಿದ್ದ. ರಬ್ಬರ್ ಹಾಲು ಕೆಡದಿರಲು ಅದಕ್ಕೆ ಅಮೋನಿಯಾ ಬೆರೆಸಿರುತ್ತಾರೆ. ಆ ಘಾಟಿಗೆ ನಾನು ಹತ್ತು ನಿಮಿಷ ಒಳಗೆ ಕೂತರೆ ಕಣ್ಣು ಸುರಿಯುತ್ತಿತ್ತು. ಅವನು ಬಾಯಿಗೆ ಬಟ್ಟೆಯನ್ನೂ ಕಟ್ಟದೆ ದಿನವಿಡೀ ಕೂರುತ್ತಿದ್ದ. ಒಂದೊಂದು ಎಲೆಯ ನರವನ್ನೂ ಸೂಜಿಯಲ್ಲಿ ಗೀರುತ್ತಿದ್ದ. "ಯಾರು ನೋಡ್ತಾರೋ ಇದನ್ನ?" ಎಂದು ಕೇಳಿದರೆ, "ನೋಡಲ್ಲ. ಇಲ್ಲದಿದ್ರೆ ಮಾತ್ರ ಗೊತ್ತಾಗುತ್ತೆ," ಅನ್ನುತ್ತಿದ್ದ.

ಬಳ್ಳಿ ತಾನಾಗಿ ಬಂದು ಸುತ್ತಿಕೊಳ್ಳುವಂತೆ ತೋರಿಸುವುದಕ್ಕೆ ಅವನದೊಂದು ವಿಧಾನ ಇತ್ತು. ಮೊದಲೇ ನಟನ ಮೈಗೆಲ್ಲ ಬಳ್ಳಿ ಸುತ್ತಿ ಮಲಗಿಸುವುದು. ಕ್ಯಾಮೆರಾ ಓಡುವಾಗ ಮರೆಯಲ್ಲಿ ನಿಂತು ಸಣ್ಣ ನೈಲಾನ್ ದಾರದಿಂದ ಅದನ್ನು ಬಿಚ್ಚಿ ಎಳೆದುಕೊಳ್ಳುವುದು. ಆಮೇಲೆ ಆ ರೀಲನ್ನು ತಿರುಗಾಮುರುಗಾ ಓಡಿಸಿದರೆ, ಬಿಚ್ಚಿಕೊಂಡ ಬಳ್ಳಿ ಹರಿದು ಬಂದು ಸುತ್ತಿಕೊಂಡಂತೆ ಕಾಣುತ್ತದೆ. ನಟನೂ ಎಲ್ಲವನ್ನೂ ಹಿಂದುಮುಂದಾಗಿ ಮಾಡಬೇಕು. ಮೊದಲು ಸತ್ತಿರಬೇಕು, ಆಮೇಲೆ ಒದ್ದಾಡಬೇಕು, ಕೊನೆಗೆ ಏನೂ ಗೊತ್ತಿಲ್ಲದವನ ಹಾಗೆ ಸುಮ್ಮನಾಗಬೇಕು. ಬಳ್ಳಿ ಇದನ್ನು ನಟರಿಗೆ ನೆಲದ ಮೇಲೆ ಉರುಳಾಡಿ ಕಲಿಸುತ್ತಿದ್ದ. ಇಂಥ ದೃಶ್ಯದಲ್ಲಿ ಮಾತು ಇರುವಂತಿಲ್ಲ. ತುಟಿ ಹಿಂದಕ್ಕೆ ಓಡುತ್ತದಲ್ಲ. ಹಾಗಾಗಿ ಅವನ ಬಳ್ಳಿ ಬಂದ ಕಡೆ ನನ್ನ ಸಂಭಾಷಣೆ ಹಾರಿಹೋಗುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಅವನಿಗೆ ಅದು ಗೊತ್ತೇ ಆಗಲಿಲ್ಲ.

ಮೊದಲ ಏಳು ಚಿತ್ರಗಳಲ್ಲೂ ಮಾಲೀಕ ಸತ್ತದ್ದು ಬಳ್ಳಿಯ ಕೈಯಲ್ಲೇ. ಕಪ್ಪೆಯ ಚಿತ್ರದಲ್ಲೂ ಕೊನೆಗೆ ಎಲ್ಲಿಂದಲೋ ಒಂದು ಬಳ್ಳಿ ಬರುತ್ತಿತ್ತು. ನಮ್ಮವರ ಲೆಕ್ಕದಲ್ಲಿ ಕ್ಲೈಮ್ಯಾಕ್ಸ್ ಸಾವು ಯಾರಿಗೆ ಸಿಗುತ್ತದೋ ಚಿತ್ರ ಅವರದು. ಪೋಸ್ಟರಿನಲ್ಲಿ ಇರುವುದು ಅದೇ.

ಎಂಟನೆಯ ಚಿತ್ರಕ್ಕೆ ಇರುವೆಯವನು ಬಂದ.

ಬಳ್ಳಿಗಿಂತ ಹತ್ತು ವರ್ಷ ಚಿಕ್ಕವನು. ಕೃಷಿ ಕಾಲೇಜಿನಲ್ಲಿ ಹುಳುಗಳ ವಿಭಾಗದಲ್ಲಿ ಪೆಟ್ಟಿಗೆ ಒರೆಸುವ ಕೆಲಸದಲ್ಲಿದ್ದನಂತೆ. ಗಾಜಿನ ಪೆಟ್ಟಿಗೆಗಳಲ್ಲಿ ಕರಿಯ ದಪ್ಪ ಇರುವೆ ಸಾಕಿಕೊಂಡು ಬಂದ. ಕಚ್ಚುವ ಜಾತಿಯಲ್ಲ. ಶೂಟಿಂಗಿಗೆ ಎರಡು ದಿನ ಮೊದಲಿಂದ ಅವುಗಳಿಗೆ ಆಹಾರ ಬಂದ್. ನಟ ಮಲಗಿದ ಮೇಲೆ, ಸಣ್ಣ ಕುಂಚದಿಂದ ಪೆಟ್ಟಿಗೆಯಿಂದ ಅವನ ಕುತ್ತಿಗೆಯವರೆಗೆ ಸಕ್ಕರೆ ನೀರಿನ ಗೆರೆ ಎಳೆಯುತ್ತಿದ್ದ. ಮುಚ್ಚಳ ತೆಗೆದರೆ ಇರುವೆಗಳು ಆ ಗೆರೆಯ ಮೇಲೆ ಸಾಲಾಗಿ ಹೊರಟು ಗಲ್ಲ ಹತ್ತಿ ತುಟಿಯವರೆಗೆ ಹೋಗುತ್ತಿದ್ದವು. ದಾರವಿಲ್ಲ, ರಬ್ಬರಿಲ್ಲ, ರೀಲು ತಿರುಗಿಸುವುದಿಲ್ಲ.

"ಅಣ್ಣಾ, ನಿಮ್ಮದು ಕಲೆ. ನಂದೇನು, ಹಸಿವು ಅಷ್ಟೇ," ಎಂದು ಅವನು ಬಳ್ಳಿಗೆ ಮೊದಲ ದಿನವೇ ಹೇಳಿದ. ಮನಸಾರೆ ಹೇಳಿದ. ಬಳ್ಳಿ ನಕ್ಕ. ನನ್ನ ಕಡೆ ತಿರುಗಿ ಮೆಲ್ಲಗೆ, "ವಿನಯ ಬೇರೆ," ಅಂದ.

ಆ ಚಿತ್ರ ಬಿಡುಗಡೆಯಾದ ವಾರ ಬಳ್ಳಿ, ಅತ್ತಿಗೆ, ನಾನು ಮಧ್ಯಾಹ್ನದ ಆಟಕ್ಕೆ ಹೋದೆವು. ಬಳ್ಳಿಗೆ ಒಂದು ಅಭ್ಯಾಸ. ತನ್ನ ದೃಶ್ಯ ಬರುವಾಗ ಪರದೆ ನೋಡುತ್ತಿರಲಿಲ್ಲ, ಜನರನ್ನು ನೋಡುತ್ತಿದ್ದ. ಅದಕ್ಕೇ ಯಾವಾಗಲೂ ಮುಂದಿನ ಸಾಲಿನ ಮೂಲೆಯ ಸೀಟು. ಅವನ ಬಳ್ಳಿ ಬಂತು, ಹೋಯಿತು. ಒಬ್ಬಿಬ್ಬರು ನಕ್ಕರು, ಒಬ್ಬ ಸಿಳ್ಳೆ ಹೊಡೆದ. ಆಮೇಲೆ ಇರುವೆ ಬಂದವು. ಮಾತಿಲ್ಲ, ಸಂಗೀತವೂ ಇಲ್ಲ. ನಾನು ಹಿಂದೆ ತಿರುಗಿ ನೋಡಿದಾಗ ಇಡೀ ಸಾಲು ಕಾಲು ಎತ್ತಿಕೊಂಡಿತ್ತು. ದೊಡ್ಡ ಗಂಡಸರು, ಕೈಯಲ್ಲಿ ಫೈಲು ಹಿಡಿದುಕೊಂಡು ಕಚೇರಿ ತಪ್ಪಿಸಿ ಬಂದವರು, ಎಲ್ಲರ ಪಾದಗಳೂ ಸೀಟಿನ ಮೇಲೆ.

ಬಳ್ಳಿ ಅವರನ್ನು ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತಿಗೆಯ ಕಾಲನ್ನು ನೋಡುತ್ತಿದ್ದ. ಅತ್ತಿಗೆ ಚಪ್ಪಲಿ ಬಿಟ್ಟು ಎರಡೂ ಕಾಲು ಮಡಿಚಿ ಸೀಟಿನ ಮೇಲೆ ಇಟ್ಟುಕೊಂಡಿದ್ದರು.

ಹೊರಗೆ ಬಂದ ಮೇಲೆ ಚಹಾ ಕುಡಿಯುವಾಗ ಕೇಳಿದ. "ಕಾಲು ಯಾಕೆ ಎತ್ತಿದೆ?"

"ಯಾವ ಕಾಲು?"

"ನಿಂದೇ. ಎರಡೂ."

"ಎತ್ತಿದ್ನಾ? ಗೊತ್ತೇ ಆಗ್ಲಿಲ್ಲ," ಎಂದು ಅತ್ತಿಗೆ ನಕ್ಕರು.

"ಏಳು ಪಿಕ್ಚರಿಗೆ ಬಂದಿದ್ದೀಯ. ಒಂದು ಬೆರಳೂ ಅಲ್ಲಾಡಿಸಿಲ್ಲ ನೀನು."

"ನೀವು ಮಾಡಿದ್ದನ್ನ ನಾನು ಮನೇಲಿ ಒಗೆದು ಒಣಗಿಸಿದ್ದೀನಲ್ರೀ. ಅದಕ್ಕೆಂಥಾ ಹೆದರೋದು?"

ಸರಿಯಾದ ಉತ್ತರ. ಅವನಿಗೆ ಅದು ರುಚಿಸಲಿಲ್ಲ.

ಮುಂದಿನ ಎರಡು ಚಿತ್ರದಲ್ಲಿ ಕ್ಲೈಮ್ಯಾಕ್ಸ್ ಇರುವೆಗೆ ಹೋಯಿತು. ಬಳ್ಳಿಗೆ ಕಾವಲುಗಾರನನ್ನು ಕೊಟ್ಟರು. "ವಾಚ್‌ಮ್ಯಾನ್ ಸಾಯಿಸೋಕೆ ಇಟ್ಕೊಂಡಿದ್ದಾರೆ ನನ್ನ," ಅನ್ನುತ್ತಿದ್ದ. ಶೆಡ್ಡಿನಲ್ಲಿ ಕೆಲಸ ಹೆಚ್ಚು ಮಾಡತೊಡಗಿದ. ಮೊದಲು ಎಲೆಗೆ ನರ ಗೀರುತ್ತಿದ್ದವನು ಈಗ ಕಾಂಡಕ್ಕೆ ರೋಮ ಅಂಟಿಸುತ್ತಿದ್ದ. ಕೆಮ್ಮು ಶುರುವಾದದ್ದು ಆ ವರ್ಷ. ಇರುವೆಯವನು ಮಾತ್ರ ಬಿಡುವಾದಾಗಲೆಲ್ಲ ಶೆಡ್ಡಿಗೆ ಬಂದು, "ಅಣ್ಣಾ, ಇದೊಂದು ತೋರಿಸಿ," ಎಂದು ಪಕ್ಕದಲ್ಲಿ ಕೂರುತ್ತಿದ್ದ. ಅವನ ಎದುರು ಬಳ್ಳಿ ಬೆಣ್ಣೆಯ ಹಾಗೆ ಮಾತಾಡುತ್ತಿದ್ದ. ಅವನು ಹೋದ ಮೇಲೆ ಅವನು ಕೂತಿದ್ದ ಸ್ಟೂಲನ್ನು ಕಾಲಿನಿಂದ ಮೂಲೆಗೆ ತಳ್ಳುತ್ತಿದ್ದ.

ಹನ್ನೊಂದನೆಯ ಚಿತ್ರ. ಹದಿನೆಂಟನೆಯ ದಿನ. ಖಾಲಿ ಬಂಗಲೆಯೊಂದರ ಮಲಗುವ ಕೋಣೆಯಲ್ಲಿ ಮಾಲೀಕನ ಸಾವು. ನಿರ್ದೇಶಕರು ಈ ಸಲ ಇರುವೆ ಸಾಲು ಕೋಣೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ, ಕಟ್ಟಾಗದೆ ಒಂದೇ ಶಾಟಿನಲ್ಲಿ ಬರಬೇಕು ಅಂದಿದ್ದರು. ಗೋಡೆಗೆ ದೊಡ್ಡ ಗಡಿಯಾರ ತಗುಲಿಸಿದ್ದರು. ಹೊತ್ತು ಓಡುವುದೂ ಇರುವೆ ಬರುವುದೂ ಒಟ್ಟಿಗೆ ಕಾಣಲಿ ಅಂತ.

ಇರುವೆಯವನು ಬೆಳಿಗ್ಗೆಯೇ ನೆಲಕ್ಕೆ ಗೆರೆ ಎಳೆದು ಮುಗಿಸಿದ್ದ. ಊಟಕ್ಕೆ ಎಲ್ಲರೂ ಹೊರಗಿನ ಮರದಡಿಗೆ ಹೋದೆವು. ನನ್ನ ಕನ್ನಡಕ ಒಳಗೆ ಮರೆತಿದ್ದೆ. ತರಲು ಹೋದಾಗ ಬಳ್ಳಿ ನೆಲದ ಮೇಲೆ ಮಂಡಿಯೂರಿ ಕೂತು ಹತ್ತಿಯಿಂದ ಏನನ್ನೋ ಒರೆಸುತ್ತಿದ್ದ. ಕೋಣೆಯಲ್ಲಿ ಅವನ ಬಟ್ಟೆಯದೇ ಅಮೋನಿಯಾ ಘಾಟು. ಬೇರೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. "ಏನೋ ಅದು?" ಅಂದೆ. "ನೆಲ ಹೊಳೀತಾ ಇತ್ತು, ಕ್ಯಾಮೆರಾಗೆ ಆಗಲ್ಲ," ಅಂದ. ನಾನು ಕನ್ನಡಕ ತೆಗೆದುಕೊಂಡು ಬಂದೆ.

ಊಟದ ನಂತರ ಮುಚ್ಚಳ ತೆಗೆದರು. ಇರುವೆಗಳು ಸಾಲಾಗಿಯೇ ಹೊರಟವು. ನಡುಕೋಣೆಯಲ್ಲಿ ಒಂದು ಕಡೆ ಬಂದು ನಿಂತವು. ಹಿಂದಿನವು ಮುಂದಿನವುಗಳ ಮೇಲೆ ಹತ್ತಿದವು. ಆಮೇಲೆ ಸಾಲು ಒಡೆದುಹೋಯಿತು. ಎರಡು ಸಾವಿರ ಇರುವೆಗಳು ದಿಕ್ಕು ದಿಕ್ಕಿಗೆ ಓಡಿದವು. ಕ್ಯಾಮೆರಾದ ಪೆಟ್ಟಿಗೆಯೊಳಗೆ, ಬಟ್ಟೆಯ ಟ್ರಂಕಿನೊಳಗೆ, ನಿರ್ದೇಶಕರ ಅಂಗಿಯೊಳಗೆ. ಸತ್ತಂತೆ ಮಲಗಿದ್ದ ಮಾಲೀಕ ಎದ್ದು ಕೂತು, "ನಾನು ಸಾಯಬೇಕಾ ಬೇಡವಾ, ಒಂದು ಹೇಳಿ," ಅಂದ. ಯಾರೂ ನಗಲಿಲ್ಲ. ಕ್ಯಾಮೆರಾ ಬಿಚ್ಚಿ ಒರೆಸುವುದರಲ್ಲಿ ಮೂರು ಗಂಟೆ ಹೋಯಿತು. ಬೆಳಕು ಇನ್ನೊಂದೂವರೆ ಗಂಟೆ ಉಳಿದಿತ್ತು.

ಇರುವೆಯವನು ಎಲ್ಲರ ಎದುರು ಕೈಕಟ್ಟಿ ನಿಂತು, "ನಂದೇ ತಪ್ಪು. ಎರಡು ದಿನ ಉಪವಾಸ ಇದ್ವು, ಪಾಪ ಅನ್ನಿಸಿ ಇವತ್ತು ಬೆಳಿಗ್ಗೆ ಒಂದು ಚೂರು ಹಾಕಿಬಿಟ್ಟೆ. ಹೊಟ್ಟೆ ತುಂಬಿದ್ದಕ್ಕೆ ಸಾಲು ಬಿಟ್ಟಿವೆ," ಅಂದ. ನಿರ್ದೇಶಕರು ಅವನನ್ನು ಆಡಬಾರದ ಮಾತಾಡಿದರು.

ಬಳ್ಳಿ ಆಗ ಮೆತ್ತಗೆ ಹೇಳಿದ. "ವ್ಯಾನಲ್ಲಿ ನನ್ನ ಸಾಮಾನಿದೆ. ಬೇಕಾದ್ರೆ..."

ಅವತ್ತು ಅವನ ಕೆಲಸವೇ ಇರಲಿಲ್ಲ. ಆದರೂ ಮೂವತ್ತು ಅಡಿ ಬಳ್ಳಿ ವ್ಯಾನಿನಲ್ಲಿ ಸಿದ್ಧವಾಗಿತ್ತು. ಉಳಿದ ಬೆಳಕಿನಲ್ಲಿ ಮಾಲೀಕನ ಸಾವು ಅದರಿಂದಲೇ ಮುಗಿಯಿತು.

ವಾಪಸು ಬರುವಾಗ ನನ್ನ ಪಕ್ಕ ಕೂತು ತಾನಾಗಿಯೇ ಬಾಯಿ ಬಿಟ್ಟ. ಅವನು ನೆಲಕ್ಕೆ ಒರೆಸಿದ್ದು ಹಲ್ಲುನೋವಿಗೆ ಇಟ್ಟುಕೊಂಡಿದ್ದ ಲವಂಗದ ಎಣ್ಣೆ. ಇರುವೆಗೆ ಅದು ಆಗುವುದಿಲ್ಲ. ಅದನ್ನು ಅವನಿಗೆ ಹೇಳಿದವನೂ ಇರುವೆಯವನೇ, ಶೆಡ್ಡಿನಲ್ಲಿ ಕೂತು ಮಾತಾಡುವಾಗ. "ಯಾರಿಗೂ ಹೇಳಬೇಡ," ಅಂದ. ಹೇಳಲಿಲ್ಲ. ಹೇಳಬೇಕಿತ್ತು.

ಆ ಚಿತ್ರವನ್ನೂ ಮಧ್ಯಾಹ್ನದ ಆಟಕ್ಕೇ ನೋಡಿದೆವು. ಬಳ್ಳಿ ಮೂಲೆಯ ಸೀಟಿನಲ್ಲಿ ಜನರ ಕಡೆ ಮುಖ ಮಾಡಿ ಕೂತಿದ್ದ. ಪರದೆಯ ಮೇಲೆ ಅವನ ಬಳ್ಳಿ ಕಿಟಕಿಯಿಂದ ಇಳಿದು, ನೆಲದ ಮೇಲೆ ಹರಿದು, ಮಾಲೀಕನ ಎದೆ ಸುತ್ತಿತು. ಅವನು ಮಾಡಿದ ಬಳ್ಳಿಗಳಲ್ಲೇ ಅದಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ಸೆಕೆಂಡು ಸಭಾಂಗಣ ಉಸಿರು ಹಿಡಿದಿತ್ತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಲೋ, ಗಡಿಯಾರ ನೋಡ್ರೋ," ಅಂದ.

ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಇರುವೆಗೆಂದು ತಗುಲಿಸಿದ್ದ ಗಡಿಯಾರ. ರೀಲು ತಿರುಗಿಸುವ ಶಾಟಿನಲ್ಲಿ ಚಲಿಸುವ ವಸ್ತು ಯಾವುದೂ ಇರಬಾರದು ಅನ್ನುವುದು ಬಳ್ಳಿಯದೇ ನಿಯಮ. ಕೋಣೆಗೆ ಕಾಲಿಡುತ್ತಲೇ ಫ್ಯಾನು, ಪರದೆ ಎಲ್ಲ ನೋಡುತ್ತಿದ್ದ. ಅವತ್ತು ನೋಡಲಿಲ್ಲ. ಅವನ ಕಣ್ಣೆಲ್ಲ ಪೆಟ್ಟಿಗೆ ಕಟ್ಟುತ್ತಿದ್ದ ಇರುವೆಯವನ ಮೇಲಿತ್ತು.

ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅತ್ತಿಗೆ ನಗಲಿಲ್ಲ. ಕಾಲನ್ನೂ ಎತ್ತಲಿಲ್ಲ.

ಕಂಪನಿ ಅಲ್ಲಿಗೆ ಮುಚ್ಚಿತು. ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಬಳ್ಳಿ ಅಂಗಡಿಗಳ ಗಾಜಿನ ಕಿಟಕಿಗೆ, ಕಚೇರಿಗಳ ಮೆಟ್ಟಿಲಿಗೆ ಪ್ಲಾಸ್ಟಿಕ್ ಬಳ್ಳಿ ಹಬ್ಬಿಸುವ ಕೆಲಸ ಹಿಡಿದ. ಧೂಳು ಒರೆಸಿಬಂದರೆ ಸಾಕು, ಆ ಬಳ್ಳಿಗಳು ಯಾರನ್ನೂ ಕೊಲ್ಲಬೇಕಿರಲಿಲ್ಲ. "ನೀರೂ ಬೇಡ, ಸಿಟ್ಟೂ ಬೇಡ. ಇಂಥಾ ಗಿಡ ಕೇಳ್ತಾರೆ ಜನ," ಅನ್ನುತ್ತಿದ್ದ.

ಇರುವೆಯವನು ಮನೆಗಳಲ್ಲಿ ಇರುವೆ, ಗೆದ್ದಲು, ಜಿರಳೆ ಕೊಲ್ಲುವ ಕಂಪನಿ ತೆರೆದ. ಮೊದಲು ಒಂದು ಸೈಕಲ್ಲು, ಆಮೇಲೆ ಒಂದು ವ್ಯಾನು, ಆಮೇಲೆ ಆರು ವ್ಯಾನು. ವ್ಯಾನಿನ ಮೇಲೆ ಕಾಲು ಮೇಲಾಗಿ ಬಿದ್ದ ದೊಡ್ಡ ಕರಿಯ ಇರುವೆಯ ಚಿತ್ರ. ಅದು ಎದುರು ಬಂದರೆ ಬಳ್ಳಿ ರಸ್ತೆ ದಾಟಿಬಿಡುತ್ತಿದ್ದ. "ಸಾಕಿದ್ದನ್ನೇ ಕೊಲ್ತಾ ಇದ್ದಾನೆ ನೋಡು," ಅನ್ನುತ್ತಿದ್ದ ಒಂದು ದಿನ. "ಕುತ್ತಿಗೆ ಹಿಡಿದು ಹೊರಗೆ ದಬ್ಬಿದವನು ನಾನು. ದಬ್ಬಿದ್ದು ಹೋಗಿ ಹೋಗಿ ಸಿಂಹಾಸನದ ಮೇಲೇ ಬಿದ್ದಿದ್ದಾನೆ," ಅನ್ನುತ್ತಿದ್ದ ಇನ್ನೊಂದು ದಿನ. ಇಪ್ಪತ್ತೆರಡು ವರ್ಷ ಇದೇ ಮಾತು. ನಾವು ಎಲ್ಲಿಂದ ಮಾತು ಶುರುಮಾಡಿದರೂ ಸಂಜೆ ಅದು ಇರುವೆಯವನ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು.

ಈ ಮಧ್ಯೆ ನಾನು ಎರಡು ಪುಸ್ತಕ ಬರೆದೆ. ಒಂದಕ್ಕೆ ಬಹುಮಾನ ಬಂತು. ಬಳ್ಳಿ ಮನೆಗೆ ಬಂದು ಬೆನ್ನು ತಟ್ಟಿ, ಖುಷಿಯಿಂದ ಎರಡು ಲೋಟ ಚಹಾ ಕುಡಿದು ಹೋದ. ಅವನ ಮುಖವನ್ನು ನಾನು ಚೆನ್ನಾಗಿ ನೋಡಿದೆ. ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ.

ಹೋದ ವರ್ಷ ಡಾಕ್ಟರು ಶ್ವಾಸಕೋಶದ ಎಕ್ಸ್‌ರೇ ತೋರಿಸಿ ಗಡುವು ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಬಳ್ಳಿ, "ಅವನಿಗೆ ಹೇಳಿಬಿಡಬೇಕು," ಅಂದ. ಯಾರಿಗೆ, ಏನು ಎಂದು ನಾನು ಕೇಳಲಿಲ್ಲ.

ಮುಂದಿನ ವಾರವೇ ಇರುವೆಯವನ ಕಚೇರಿಗೆ ಹೋದೆವು. ಹೊಸದಾಗಿ ಸೇರಿದ ಹತ್ತು ಹನ್ನೆರಡು ಕೆಲಸಗಾರರಿಗೆ ಅವನು ಪಾಠ ಮಾಡುತ್ತಿದ್ದ. ನಮ್ಮನ್ನು ಕಂಡು ಎದ್ದು ಬಂದು ಬಳ್ಳಿಯ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ಎಷ್ಟು ವರ್ಷ ಆಯ್ತು. ಕೂತ್ಕೊಳ್ಳಿ, ಐದೇ ನಿಮಿಷ." ಕೆಲಸಗಾರರ ಕಡೆ ತಿರುಗಿ, "ಇವರು ನನ್ನ ದೊಡ್ಡಣ್ಣ ಇದ್ದ ಹಾಗೆ. ನಾನು ಹೇಳ್ತಾ ಇದ್ನಲ್ಲ, ಆ ದಿನ ಇವರೂ ಇದ್ದರು," ಅಂದ.

ಆ ದಿನದ್ದೇ ಪಾಠ. ಹೊಟ್ಟೆ ತುಂಬಿದ ಇರುವೆ ಸಾಲು ಬಿಡುತ್ತದೆ, ಅದಕ್ಕೇ ವಿಷ ಇಡುವ ಮೊದಲು ಮನೆಯಲ್ಲಿ ಎಲ್ಲೂ ಒಂದು ಹರಳು ಸಕ್ಕರೆ ಇಲ್ಲದ ಹಾಗೆ ಒರೆಸಬೇಕು, ಬೇರೆ ಕಂಪನಿಯವರು ಇದನ್ನು ಮಾಡುವುದಿಲ್ಲ, ನಾವು ಮಾಡುತ್ತೇವೆ. "ಆ ಒಂದು ತಪ್ಪಿನ ಮೇಲೆ ನಿಂತಿದೆ ಈ ಕಂಪನಿ," ಎಂದು ಮುಗಿಸಿದ. ಕೆಲಸಗಾರರು ಬರೆದುಕೊಂಡರು.

ಬಳ್ಳಿ ಚಹಾ ಕುಡಿದು, ಆರೋಗ್ಯ ವಿಚಾರಿಸಿಕೊಂಡು, ಎದ್ದು ಬಂದುಬಿಟ್ಟ.

ಆಟೋದಲ್ಲಿ ನಾನು ಕೇಳಿದೆ. "ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೋಡಿದ್ಯಲ್ಲ. ನಾನು ಮಾಡಿದ ಪಾಪಾನೂ ತನ್ನ ಹೆಸರಿಗೆ ಬರೆದುಕೊಂಡಿದ್ದಾನೆ."

"ಒಳ್ಳೇದೇ ಆಯ್ತು ಬಿಡು. ಅವನಿಗೆ ನೋವಿಲ್ಲ."

"ನಂಗಿದೆ," ಅಂದ. ಕೆಮ್ಮು ಬಂತು, ನಿಂತಿತು. "ಅದು ನಾನು ಮಾಡಿದ ಕೆಲಸ ಕಣೋ. ಅವನು ಅದನ್ನ ತನ್ನದು ಅಂತ ಪಾಠ ಮಾಡ್ತಾನೆ, ಜನ ಬರ್ಕೊಳ್ತಾರೆ."

ನಗು ಬಂತು ನನಗೆ. ಅವನಿಗೆ ಬರಲಿಲ್ಲ. ಆದರೆ ಅವತ್ತಿನಿಂದ ಅವನು ರಾತ್ರಿ ಸರಿಯಾಗಿ ನಿದ್ದೆ ಮಾಡುವುದಿಲ್ಲವೆಂದು ಅತ್ತಿಗೆ ಹೇಳಿದರು. ಕೆಮ್ಮಿನಿಂದಲ್ಲ, ಸುಮ್ಮನೆ ಎದ್ದು ಕೂರುತ್ತಾನೆ ಅಂತ. ತಿಂಗಳು ತಿಂಗಳು ಹಾಗೇ ಸರಿದವು. ಡಾಕ್ಟರು ಕೊಟ್ಟ ಗಡುವೂ ದಾಟಿತು. ಪ್ರತಿ ವಾರ ಹೇಳುತ್ತೇನೆ ಅನ್ನುತ್ತಿದ್ದ. ಪ್ರತಿ ವಾರ ಹೊಟ್ಟೆಕಿಚ್ಚು ಅವನ ಬಾಯಿ ಕಟ್ಟುತ್ತಿತ್ತು. ಹೇಳಿದರೆ ಆ ಮನುಷ್ಯ ಕ್ಷಮಿಸಿಬಿಡುತ್ತಾನೆ, ಅದೇ ಅವನ ಭಯ. "ಅಣ್ಣಾ, ಹೋಗಲಿ ಬಿಡಿ ಅಂತಾನೆ. ಅದನ್ನ ಕೇಳಿಕೊಂಡು ಸಾಯಬೇಕಾ ನಾನು?" ಎಂದು ನನ್ನನ್ನೇ ಕೇಳಿದ.

ಬಳ್ಳಿ ಸಾಯುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ನಾನು ಹೋದಾಗ ದಿಂಬಿಗೆ ಒರಗಿ ಕೂತಿದ್ದ. ಮೂಗಿಗೆ ಆಮ್ಲಜನಕದ ಕೊಳವೆ. ಹೆಂಡತಿಗೆ, "ಅವನ ಆಫೀಸಿಗೆ ಫೋನ್ ಮಾಡು. ಮನೇಲಿ ಇರುವೆ ಬಂದಿದೆ, ಅವರೇ ಬರಬೇಕಂತೆ ಅನ್ನು," ಅಂದ.

"ಎಲ್ಲಿದೆ ಇರುವೆ?"

"ಮಾಡು ಅಂದ್ನಲ್ಲ."

ಇರುವೆಯವನು ಮುಕ್ಕಾಲು ಗಂಟೆಯಲ್ಲಿ ಬಂದ. ಆಳನ್ನು ಕಳಿಸದೆ ತಾನೇ ವ್ಯಾನು ಓಡಿಸಿಕೊಂಡು, ಕೈಯಲ್ಲಿ ಔಷಧದ ಪೆಟ್ಟಿಗೆ ಹಿಡಿದು ಬಂದ. ಹಾಸಿಗೆಯಲ್ಲಿದ್ದವನನ್ನು ನೋಡಿ ಪೆಟ್ಟಿಗೆ ಬಾಗಿಲ ಬಳಿಯೇ ಇಟ್ಟ. "ಅಣ್ಣಾ, ನನಗೆ ಯಾರೂ ಹೇಳಲೇ ಇಲ್ಲವಲ್ಲ," ಅಂದ. ಬಳ್ಳಿ ಅವನನ್ನು ಕುರ್ಚಿಯಲ್ಲಿ ಕೂರಿಸಿಕೊಂಡ. ಅತ್ತಿಗೆ ಚಹಾ ಮಾಡಲು ಒಳಗೆ ಹೋದರು.

"ಆವತ್ತು ನಿನ್ನ ಇರುವೆ ನಿಂತಿದ್ದು ಹೊಟ್ಟೆ ತುಂಬಿ ಅಲ್ಲ," ಅಂದ ಬಳ್ಳಿ. ಒಂದೊಂದೇ ಮಾತು, ಮಧ್ಯೆ ಉಸಿರು. "ನಾನು ಗೆರೆಗೆ ಅಡ್ಡ ಲವಂಗದ ಎಣ್ಣೆ ಒರೆಸಿದ್ದೆ."

ಇರುವೆಯವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಎಷ್ಟಗಲ?"

"ಒಂದು ಗೇಣು."

"ಗೋಡೆಯಿಂದ ಗೋಡೆಗಾ?"

"ಹೌದು. ನೀನೇ ಹೇಳಿಕೊಟ್ಟಿದ್ದೆ."

"ಗೇಣು ಬೇಕಿರಲಿಲ್ಲ. ಎರಡು ಬೆರಳು ಸಾಕಾಗಿತ್ತು," ಅಂದ ಇರುವೆಯವನು. ಹೇಳಿದ ಮೇಲೆ ಮಾತಿನ ಅರ್ಥ ಅವನಿಗೇ ತಲುಪಿತು ಅಂತ ಕಾಣುತ್ತದೆ. ಅಂಗೈಯಿಂದ ಮೊಣಕಾಲು ಉಜ್ಜಿಕೊಂಡ. "ಆವತ್ತು ನಮ್ಮಮ್ಮ ಬಂದಿದ್ಳು."

ನನಗೆ ನೆನಪಾಯಿತು. ಬಾಗಿಲ ಪಕ್ಕ ಮಡಿಚುವ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸು. ಬಂಗಲೆಯವರ ಕಡೆಯವರು ಇರಬೇಕು ಅಂದುಕೊಂಡಿದ್ದೆ.

"ಹುಳ ಸಾಕ್ತಾನೆ ಅಂತ ನೆಂಟರೆಲ್ಲ ನಗೋರು. ಒಂದು ಸಲ ನೋಡು ಬಾ, ಗೋಡೆಯಿಂದ ಗೋಡೆಗೆ ಕರ್ಕೊಂಡು ಹೋಗ್ತೀನಿ ಅಂತ ಕರೆಸಿದ್ದೆ. ಅವಳು ನೋಡಿದ್ದು ನಾನು ಕೈಕಟ್ಟಿ ಬೈಸಿಕೊಂಡಿದ್ದನ್ನ. ಮತ್ತೆ ನೋಡೋಕೆ ಏನೂ ಇರಲಿಲ್ಲ. ಮರುವರ್ಷ ತೀರಿಹೋದ್ಳು." ಎದ್ದ. "ಅದೊಂದು ಶಾಟು ಆಗಿದ್ರೆ ಈ ಆರು ವ್ಯಾನೂ ಬೇಕಿರಲಿಲ್ಲ ನನಗೆ."

ಬಳ್ಳಿ ಏನೋ ಹೇಳಲು ಹೋದ. ಇರುವೆಯವನು ಕೈ ಅಡ್ಡ ಮಾಡಿದ.

"ಬೇಡ," ಅಂದ. ಔಷಧದ ಪೆಟ್ಟಿಗೆ ತೆಗೆದುಕೊಂಡ. ಅಣ್ಣ ಅನ್ನಲಿಲ್ಲ, ಬರುತ್ತೇನೆ ಅನ್ನಲಿಲ್ಲ. ಚಹಾ ಹಿಡಿದು ಬಂದ ಅತ್ತಿಗೆಯನ್ನು ದಾಟಿಕೊಂಡು ಮೆಟ್ಟಿಲಿಳಿದ.

"ಸಿಟ್ಟು ಬಂತಾ ಅವನಿಗೆ?" ಬಳ್ಳಿ ನನ್ನನ್ನು ಕೇಳಿದ.

"ಬಂತು."

"ತುಂಬಾ?"

"ತುಂಬಾನೇ."

"ಆ ಶಾಟು ಅವನಿಗೂ ನನ್ನಷ್ಟೇ ಬೇಕಿತ್ತು," ಅಂದ. ಯಾವ ದನಿಯಲ್ಲಿ ಅಂದ ಎಂದು ಹೇಳಲು ನನಗೆ ಇನ್ನೂ ಆಗುತ್ತಿಲ್ಲ. ಗೆದ್ದವನ ದನಿ ಅಲ್ಲ. ಇಷ್ಟು ವರ್ಷ ತಾನೊಬ್ಬನೇ ಎದುರುಮನೆಯ ಕಿಟಕಿ ನೋಡುತ್ತಿದ್ದೇನೆ ಅಂದುಕೊಂಡಿದ್ದವನಿಗೆ, ಆ ಕಿಟಕಿಯಿಂದಲೂ ಯಾರೋ ಈಚೆ ನೋಡುತ್ತಿದ್ದರು ಎಂದು ಗೊತ್ತಾದರೆ ಬರುವ ದನಿ.

ಆಮೇಲೆ ಎಬ್ಬಿಸು ಅಂದ. ಬೇಡವೆಂದರೂ ಕೇಳದೆ ಮೂಗಿನ ಕೊಳವೆ ಕಿತ್ತಿಟ್ಟು, ನನ್ನ ಹೆಗಲು ಹಿಡಿದು ಕಿಟಕಿಯವರೆಗೆ ನಡೆದ. ಎರಡು ತಿಂಗಳಿಂದ ಅಷ್ಟು ದೂರ ನಡೆದಿರಲಿಲ್ಲ. ಕೆಳಗೆ ವ್ಯಾನು ಇನ್ನೂ ನಿಂತಿತ್ತು. ಇರುವೆಯವನು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಎಂಜಿನ್ ಚಾಲು ಮಾಡದೆ ಕೂತಿದ್ದ. "ಕೂತ್ಕೊಳ್ರೀ, ಮೈ ನಡುಗ್ತಾ ಇದೆ," ಎಂದು ಅತ್ತಿಗೆ ಕುರ್ಚಿ ತಂದಿಟ್ಟರು. ಬಳ್ಳಿ ಕೂರಲಿಲ್ಲ. ಸರಳು ಹಿಡಿದು ನಿಂತ. ನಾನು ಹಿಂದಿನಿಂದ ಅವನ ಬೆನ್ನಿಗೆ ಕೈ ಕೊಟ್ಟು ನಿಂತಿದ್ದೆ. ಒಂದು ಸಲವೂ ತಿರುಗಿ ನನ್ನ ಮುಖ ನೋಡಲಿಲ್ಲ. ಕಾಲು ಗಂಟೆಯಾದ ಮೇಲೆ ವ್ಯಾನು ಹೊರಟಿತು. ಅಲ್ಲಿಯವರೆಗೆ ನಿಂತೇ ಇದ್ದ.